ಅರ್ಧ ಮಾತ್ರೆ

ಫೋನಿನ ಆ ಕಡೆಯವರು ‘ಹೇಳಿ ಸಾರ್’ ಎಂದಾಗ ತಿದ್ದುವುದನ್ನು ಅವಳು ಬಿಟ್ಟು ಹದಿನಾರು ವರ್ಷಗಳಾಗಿದ್ದವು. ಮೊದಮೊದಲು ‘ಸಾರ್ ಅಲ್ಲ, ಮೇಡಂ’ ಎನ್ನುತ್ತಿದ್ದಳು. ಆ ಕಡೆ ನಗು ನುಂಗಿಕೊಂಡ ಸದ್ದು, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚಿನ ಕ್ಷಮಾಪಣೆ. ಆ ಕ್ಷಮಾಪಣೆ ಕೇಳಿಸಿಕೊಳ್ಳುವುದಕ್ಕಿಂತ ಸಾರ್ ಆಗಿರುವುದೇ ವಾಸಿ ಅನ್ನಿಸಿತ್ತು. ಈ ಬೆಳಿಗ್ಗೆ ವಾಷಿಂಗ್ ಮೆಷಿನ್ ರಿಪೇರಿಯವನು ‘ಮನೇಲಿ ಲೇಡೀಸ್ ಯಾರಾದ್ರೂ ಇರ್ತಾರಾ ಸಾರ್? ಅವ್ರಿಗೇ ತೋರಿಸಿಕೊಟ್ಟು ಹೋಗ್ತೀನಿ’ ಎಂದ. ‘ಇರ್ತಾರೆ’ ಎಂದಳು. ಸುಳ್ಳೇನಲ್ಲ. ಅಕ್ಕ ಇರುತ್ತಾಳೆ. ‘ಏನಂತೆ?’ ಎಂದು ಅಕ್ಕ ಒಳಗಿಂದ ಕೇಳಿದಳು. ‘ಮನೇಲಿ ಹೆಂಗಸರು ಬೇಕಂತೆ, ನೀನಿದೀಯಲ್ಲ.’ ಅಕ್ಕ ನಗಲಿಲ್ಲ. ಈ ವಿಷಯಕ್ಕೆ ಅಕ್ಕ ಎಂದೂ ನಕ್ಕವಳಲ್ಲ; ಅದಕ್ಕಾಗಿ ಅವಳ ಮೇಲೆ ಇವಳಿಗೆ ಕೃತಜ್ಞತೆಗಿಂತ ಸಿಟ್ಟೇ ಹೆಚ್ಚು. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬಚ್ಚಲಮನೆಯ ಕನ್ನಡಿಯೆದುರು ಗದ್ದ ಎತ್ತಿ ರೇಜರ್ ಎಳೆದು, ತೊಳೆದು, ಸೋಪಿನ ಡಬ್ಬಿಯ ಹಿಂದೆ ಅಡಗಿಸಿಟ್ಟಳು. ಇಪ್ಪತ್ತು ವರ್ಷದಿಂದ ಅದೇ ಜಾಗ. ಅಕ್ಕನಿಗೆ ಗೊತ್ತು, ಅಕ್ಕನಿಗೆ ಗೊತ್ತೆಂದು ಇವಳಿಗೂ ಗೊತ್ತು, ಆದರೂ ಅಡಗಿಸಿಡಬೇಕು. ಮರ್ಯಾದೆ ಎನ್ನುವುದು ಇಷ್ಟೇ ಏನೋ ಎಂದುಕೊಂಡು ಬಸ್ಸಿಗೆ ಹೊರಟಳು.

ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿದ್ದರೆ ಯಾವ ತೊಂದರೆಯೂ ಇಲ್ಲ. ಬಾಯಿ ಬಿಟ್ಟರೆ ಪಕ್ಕದವಳು ತೊಡೆಯ ಮೇಲಿದ್ದ ಚೀಲವನ್ನು ಎದೆಗೆ ಎಳೆದುಕೊಳ್ಳುತ್ತಾಳೆ. ಹಾಗಾಗಿ ಕಂಡಕ್ಟರಿಗೆ ಪಾಸು ತೋರಿಸಿ, ಕಿಟಕಿಯಾಚೆ ನೋಡುತ್ತ, ಇಡೀ ಬಸ್ಸನ್ನು ಮನಸ್ಸಿನಲ್ಲೇ ಹೀಗಳೆಯುವುದು ಅವಳ ಬೆಳಗಿನ ಕೆಲಸ. ಈಚೆಗೆ ನಾಲ್ಕು ದಿನಗಳಿಂದ ಅದರಲ್ಲೂ ರುಚಿ ಸಿಗುತ್ತಿರಲಿಲ್ಲ. ತಿರಸ್ಕಾರಕ್ಕೆ ತಕ್ಕ ಮನುಷ್ಯ ಒಬ್ಬ, ಬೇರೆಲ್ಲರನ್ನೂ ಸಪ್ಪೆ ಮಾಡುವಂಥವನು, ತಾನಾಗಿ ಅವಳ ಕೈಗೆ ಸಿಕ್ಕಿದ್ದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ವ್ಯಾಯಾಮದ ಕೋಣೆ. ಗೋಡೆಯುದ್ದದ ಕನ್ನಡಿ, ನೀಲಿ ಚಾಪೆಗಳು, ಕಾಲಿಗೆ ಕಟ್ಟುವ ಮರಳಿನ ಚೀಲಗಳು, ರೋಗಿಗಳು ಹಿಡಿದು ನಡೆಯುವುದಕ್ಕೆ ಸೊಂಟದೆತ್ತರದ ಜೋಡಿ ಕಂಬಿ, ಎಷ್ಟು ಒರೆಸಿದರೂ ಹೋಗದ ನೋವಿನ ಮುಲಾಮಿನ ವಾಸನೆ. ಸೋಮವಾರ ಅಲ್ಲಿನ ಮೇಜಿನ ಮೇಲೆ ಹೊಸ ರೋಗಿಯ ಹಾಳೆ ಬಂದು ಕೂತಿತ್ತು. ವಯಸ್ಸು ಎಪ್ಪತ್ತೆಂಟು. ಬಚ್ಚಲಿನಲ್ಲಿ ಜಾರಿ ಎಡಸೊಂಟದ ಮೂಳೆ ಮುರಿತ, ಆಪರೇಷನ್, ಆರು ವಾರ ಹಾಸಿಗೆ, ತೊಡೆಯ ಸ್ನಾಯು ಪೂರ್ತಿ ಸೊರಗಿದೆ, ನಿಲ್ಲಲಾಗುತ್ತಿಲ್ಲ. ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು. ಹೆಸರನ್ನು ಎರಡು ಸಲ ಓದಿದಳು. ಓದಿ, ಹಾಳೆಯನ್ನು ಬೋರಲು ಹಾಕಿ, ಹೋಗಿ ಕೈ ತೊಳೆದುಕೊಂಡು ಬಂದಳು.

ಅವಳಿದ್ದ ಕ್ರೀಡಾ ತರಬೇತಿ ಕೇಂದ್ರದಲ್ಲಿ ಅವನಿಗೆ ಟಾನಿಕ್ ಡಾಕ್ಟರು ಎಂಬ ಹೆಸರಿತ್ತು. ಪ್ರೀತಿಯ ಹೆಸರೇ. ಕಾಲು ಉಳುಕಿದರೂ ಟಾನಿಕ್, ಮನೆಯ ನೆನಪಾಗಿ ಅತ್ತರೂ ಟಾನಿಕ್. ಬಿಳಿ ಕೋಟಿನ ಜೇಬಿನಲ್ಲಿ ಸದಾ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಪ್ರತಿ ಶನಿವಾರ ಹುಡುಗಿಯರು ಅವನ ಕೋಣೆಯೆದುರು ಸಾಲಾಗಿ ನಿಲ್ಲಬೇಕು. ತೂಕ, ತೋಳಿನ ಸುತ್ತಳತೆ, ತೊಡೆಯ ಸುತ್ತಳತೆ, ವಾರದ ಎಸೆತ ಎಷ್ಟು ಮೀಟರ್, ಎಲ್ಲ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಕೊನೆಗೆ ಲಕೋಟೆಯಲ್ಲಿ ಏಳು ದಿನದ ತಿಳಿನೀಲಿ ಮಾತ್ರೆ. ‘ವಿಟಮಿನ್ನು, ಹಾಲಿನ ಜೊತೆ ತಗೊಳ್ಳಿ’ ಎನ್ನುತ್ತಿದ್ದ. ಅವಳಿಗೆ ಆಗ ಇಪ್ಪತ್ತೊಂದು. ಗುಂಡು ಎಸೆಯುವವಳು, ಅದಕ್ಕೇ ಹಾಸ್ಟೆಲಿನವರ ಬಾಯಲ್ಲಿ ಗುಂಡಕ್ಕ. ಮಾತ್ರೆ ಶುರುವಾದ ಎರಡನೇ ತಿಂಗಳಿಗೆ ನಾಲ್ಕು ಕಿಲೋ ಗುಂಡು ಹೂವಿನಂತೆ ಹಗುರವಾಯಿತು. ಮೂರನೇ ತಿಂಗಳಿಗೆ ಮುಟ್ಟು ನಿಂತಿತು. ಕೋಚಿಗೆ ಹೇಳಿದರೆ ‘ಒಂದು ರಗಳೆ ಕಮ್ಮಿ ಆಯ್ತಲ್ಲ, ಬಿಡು’ ಎಂದ. ಅದೇ ಹೊತ್ತಿಗೆ ಗಂಟಲು ಒಡೆಯಿತು. ಶೀತವೆಂದುಕೊಂಡು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ವಾರ ಕಳೆಯಿತು, ತಿಂಗಳು ಕಳೆಯಿತು, ಶೀತ ಹೋಗಲಿಲ್ಲ. ಹಾಸ್ಟೆಲಿನ ಫೋನಿನಲ್ಲಿ ‘ಅಮ್ಮಾ’ ಎಂದರೆ ಅಮ್ಮ ಆ ಕಡೆಯಿಂದ ‘ಯಾರದು? ನನ್ನ ಮಗಳನ್ನ ಕರೀರಿ’ ಎಂದಳು. ಆ ಹೊತ್ತಿಗಾಗಲೇ ಅವಳಿಗೆ ಅದು ವಿಟಮಿನ್ ಅಲ್ಲ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಎಂದು ಗೊತ್ತಿತ್ತು. ಗೊತ್ತಿದ್ದೂ ಶನಿವಾರ ಸಾಲಿನಲ್ಲಿ ನಿಂತಳು. ಏಕೆಂದರೆ ಆ ವಾರ ಗುಂಡು ಹದಿನೈದು ಮೀಟರ್ ದಾಟಿತ್ತು.

ಸೋಮವಾರ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮಗಳು ತಳ್ಳಿಕೊಂಡು ಬಂದಾಗ ಮೊದಲು ಕಂಡದ್ದು ಆ ಕಾಲುಗಳು. ಪೈಜಾಮದೊಳಗೆ ಎರಡು ಕೋಲು ಇಟ್ಟ ಹಾಗೆ. ತೊಡೆಗೆ ಟೇಪು ಸುತ್ತಿದರೆ ಮೂವತ್ತಮೂರು ಸೆಂಟಿಮೀಟರ್. ಇವಳ ತೊಡೆಯನ್ನು ಅಳೆದು ಅರವತ್ತೆಂಟು ಎಂದು ನೀಲಿ ಪೆನ್ನಿನಲ್ಲಿ ಬರೆದುಕೊಂಡು ತಲೆ ಕೂಡ ಎತ್ತದೆ ‘ಗುಡ್’ ಎಂದಿದ್ದವನ ತೊಡೆ. ‘ಗುಡ್’ ಎನ್ನಬೇಕೆಂದು ಬಾಯಿ ತುರಿಸಿತು. ಅನ್ನಲಿಲ್ಲ. ಅವನಿಗೆ ಇವಳ ಗುರುತು ಹತ್ತಲಿಲ್ಲ. ಎಷ್ಟು ಸಲ ಅಳೆದಿದ್ದಾನೆ, ಗುರುತು ಹತ್ತಲಿಲ್ಲ! ದನದ ದಲ್ಲಾಳಿಗಾದರೂ ತಾನು ಮಾರಿದ ದನ ಎದುರಾದರೆ ನೆನಪಾಗುತ್ತದೆ. ಮನಸ್ಸಿನಲ್ಲಿ ಅವನು, ಇವನು, ಮುದುಕ; ಬಾಯಲ್ಲಿ ‘ನೀವು ಸ್ವಲ್ಪ ಮುಂದೆ ಬಾಗಿ, ಕಂಬಿ ಹಿಡ್ಕೊಳ್ಳಿ.’ ಮಂಗಳವಾರ ಅವನು ನೋವೆಂದು ಅತ್ತ. ನಿಜವಾಗಿಯೂ ಅತ್ತ, ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು, ಮಗಳು ಒರೆಸಿದಳು. ಬುಧವಾರ ‘ನಿನ್ನೆ ನೀವು ಜಾಸ್ತಿ ಮಾಡಿಸಿಬಿಟ್ರಿ’ ಎಂದು ದೂರಿದ. ಇಂಥ ಒಬ್ಬ ಅಳುಬುರುಕನಿಗೆ ಹೆದರಿ ಹನ್ನೆರಡು ಹುಡುಗಿಯರು ಸಾಲಾಗಿ ನಿಲ್ಲುತ್ತಿದ್ದೆವಲ್ಲ ಎಂದು ಅವಳಿಗೆ ಅವನಿಗಿಂತ ಆ ಸಾಲಿನ ಮೇಲೇ ಅಸಹ್ಯವಾಯಿತು. ಸಾಲಿನಲ್ಲಿ ತನ್ನ ಹಿಂದೆ ಯಾವಾಗಲೂ ಕಡ್ಡಿ ನಿಲ್ಲುತ್ತಿದ್ದಳು.

ಕಡ್ಡಿ ಭರ್ಜಿ ಎಸೆಯುವವಳು. ನೋಡಲೂ ಭರ್ಜಿಯ ಹಾಗೇ ಇದ್ದಳು, ಆ ಹೆಸರು ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಗುಂಡಕ್ಕ, ಕಡ್ಡಿ ಒಂದೇ ಕೋಣೆ. ಮಂಚದ ಮೇಲೆ ಮಂಚ; ಮೇಲಿನದು ಕಡ್ಡಿಯದು, ‘ನೀನು ಮೇಲೆ ಮಲಗಿದ್ರೆ ನಾನು ಬೆಳಿಗ್ಗೆ ದೋಸೆ ಆಗಿರ್ತೀನಿ’ ಎಂದು ಮೊದಲ ದಿನವೇ ಹತ್ತಿ ಕೂತವಳು. ಇಪ್ಪತ್ತನೇ ವಯಸ್ಸಿಗೆ ಸತ್ತಳು. ಹೊಟ್ಟೆನೋವೆಂದು ಮನೆಗೆ ಕಳಿಸಿದ್ದರು. ಅಲ್ಲಿ ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ತೋಳೆತ್ತಿದವಳು ಹಾಗೇ ಕುಸಿದಳಂತೆ. ಲಿವರಿನ ಮೇಲಿದ್ದ ಗಂಟು ಒಡೆದು ಹೊಟ್ಟೆಯ ತುಂಬ ರಕ್ತ. ಕೇಂದ್ರದಿಂದ ಕೋಚು ಹೋದ, ಹೂವಿನ ಚಕ್ರ ಹೋಯಿತು, ಇವಳಿಗೆ ಸ್ಪರ್ಧೆ ಇತ್ತು, ಇವಳು ಹೋಗಲಿಲ್ಲ. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ಯಾರು ಕೊಂದರೆಂದು ಅವಳಿಗೆ ಅನುಮಾನವಿರಲಿಲ್ಲ. ಇವನೇ. ನಿದ್ದೆ ಬಾರದಾಗೆಲ್ಲ ಇವನೇ ಎಂದುಕೊಳ್ಳುತ್ತಿದ್ದಳು, ಹಾಗೆಂದುಕೊಂಡರೆ ನಿದ್ದೆ ಬರುತ್ತಿತ್ತು. ತನ್ನ ಲಕೋಟೆಯಿಂದ ಒಂದು ಮಾತ್ರೆಯನ್ನು ಉಗುರಿನಿಂದ ಮುರಿದು ಅರ್ಧ ಕಡ್ಡಿಯ ಕೈಗೆ ಹಾಕುತ್ತಿದ್ದ ದಿನಗಳೂ ನೆನಪಿಗೆ ಬರುತ್ತಿದ್ದವು. ಆದರೆ ಅದೇನು ಮಹಾ? ಅವಳಿಗೆ ಇವನು ಇಡೀ ಮಾತ್ರೆ ಕೊಡುತ್ತಿದ್ದ. ‘ನಂಗೆ ಕೊಡೋದು ಸಾಲ್ತಿಲ್ಲ ಗುಂಡಕ್ಕ, ದೂರಾನೇ ಹೋಗ್ತಿಲ್ಲ, ನಿಂದರಲ್ಲಿ ಅರ್ಧ ಕೊಡು’ ಎಂದು ಗೋಗರೆದಿದ್ದಳು. ಪಾಪ ಎನ್ನಿಸಿ ಕೊಟ್ಟದ್ದು. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು. ಕೊಡ ತುಂಬಿಸಿದವನನ್ನು ಬಿಟ್ಟು ಚೊಂಬಿನವಳನ್ನು ಯಾವ ನ್ಯಾಯಾಧೀಶ ಹಿಡಿಯುತ್ತಾನೆ?

ಇವತ್ತು ಗುರುವಾರ. ಮುದುಕನಿಗೆ ಬಟ್ಟೆ ಇಸ್ತ್ರಿಯಾಗಿತ್ತು, ಕತ್ತಿಗೆ ಪೌಡರು ಬಿದ್ದಿತ್ತು. ಮಗಳು ಅವನನ್ನು ಕಂಬಿಗಳ ನಡುವೆ ನಿಲ್ಲಿಸಿ ‘ಆ ಇಂಜೆಕ್ಷನ್ನಿನ ಫಾರಂ ಮೇಲಿದೆಯಂತೆ, ತರ್ತೀನಿ’ ಎಂದು ಹೋದಳು. ಹೋಗುತ್ತಿದ್ದಂತೆಯೇ ಅವನು ಇವಳ ತೋಳು ಹಿಡಿದುಕೊಂಡ.

‘ಇವತ್ತು ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡ್ತಾರಂತೆ. ನಿಮ್ಮ ದೊಡ್ಡ ಡಾಕ್ಟರು ಬರೆದಿದಾರೆ. ಸ್ನಾಯು ಬೆಳೀಲಿ ಅಂತ.’

‘ಒಳ್ಳೇದೇ ಅಲ್ವಾ?’

‘ನಾನು ಸಹಿ ಮಾಡಲ್ಲ.’

‘ಯಾಕೆ?’

‘ಹುಡುಗಾಟದ ಔಷಧಿ ಅಲ್ಲಮ್ಮ ಅದು. ನಂಗೊತ್ತು.’ ಕಂಬಿಯಿಂದ ಒಂದು ಕೈ ಬಿಡಿಸಿ ಬೆರಳು ಮಡಿಸತೊಡಗಿದ. ‘ಪ್ರಾಸ್ಟೇಟು. ಕಾಲು ಊತ. ರಕ್ತ ಗಟ್ಟಿ ಆಗೋದು. ಹೃದಯ. ಲಿವರು, ಲಿವರು ಮುಖ್ಯ. ಮೊದಲು ಲಿವರ್ ಟೆಸ್ಟ್ ಆಗಬೇಕು, ತಿಂಗಳು ತಿಂಗಳು ಆಗಬೇಕು. ಮನುಷ್ಯರ ಮೈಗೆ ಹಾಗೆಲ್ಲ ಸುಮ್‌ಸುಮ್ನೆ ಚುಚ್ಚೋಕಾಗುತ್ತಾ?’

ಅವಳು ಅವನ ಆ ಕೈಯನ್ನೇ ನೋಡುತ್ತ ನಿಂತಳು. ಐದು ಬೆರಳೂ ಮಡಿಸಿ ಮುಷ್ಟಿಯಾಗಿತ್ತು. ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ! ಇಷ್ಟೂ ಅವನಿಗೆ ಆಗಲೂ ಗೊತ್ತಿತ್ತು, ಶನಿವಾರದ ಸಾಲಿನ ಎದುರು ಕೂತಾಗಲೂ ಈ ಐದು ಬೆರಳೂ ಅವನಿಗಿದ್ದವು. ಎಪ್ಪತ್ತೆಂಟರ ಈ ಸೊರಗಿದ ಮೈಗೆ ಇರುವ ಬೆಲೆ ಹನ್ನೆರಡು ಹುಡುಗಿಯರ ಮೈಗೆ ಒಟ್ಟಾಗಿಯೂ ಇರಲಿಲ್ಲ. ಅವಳಿಗೆ ನಗು ಬಂತು. ಕೋಪ ಬಂದಿದ್ದರೆ ಚೆನ್ನಾಗಿತ್ತು. ಆದರೆ ಕೋಪ ಮಾಡಿಕೊಳ್ಳಲು ಎದುರಿಗಿರುವುದು ಒಂದಿಷ್ಟಾದರೂ ದೊಡ್ಡದಾಗಿರಬೇಕು.

‘ಹೆಂಗಸರಿಗೆ ಕೊಟ್ರೆ?’ ಎಂದಳು.

‘ಹೆಂಗಸರಿಗಾದ್ರೆ ಬೇರೆ ತೊಂದರೆ. ಗಂಟಲು ಹೋಗುತ್ತೆ. ಹೋದ್ರೆ ಹೋಯ್ತು, ಔಷಧಿ ಬಿಟ್ರೂ ವಾಪಸ್ ಬರಲ್ಲ’ ಎಂದವನು, ಮಾತು ಮುಗಿಯುವ ಮೊದಲೇ ಏನೋ ಕೇಳಿಸಿಕೊಂಡವನಂತೆ ನಿಂತ. ನಾಲ್ಕು ದಿನದಲ್ಲಿ ಮೊದಲ ಸಲ ಅವಳನ್ನು ನೋಡಿದ. ಮೊದಲು ಗಂಟಲು, ಆಮೇಲೆ ಗದ್ದ, ಭುಜ. ಕೊನೆಗೂ ಮುಖಕ್ಕೆ ಬರಲಿಲ್ಲ.

‘ಹದಿನೈದು ಎಂಬತ್ತೈದು’ ಎಂದ.

ಹೆಸರಲ್ಲ. ಅವಳ ಜೀವಮಾನದ ಅತಿ ದೂರದ ಎಸೆತ, ಸೆಂಟಿಮೀಟರ್ ಸಮೇತ. ಅವಳಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ನಾಚಿಕೆಯಾಯಿತು. ಇಡೀ ಜಗತ್ತಿನಲ್ಲಿ ಆ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುವವರು ಇಬ್ಬರು, ಒಬ್ಬರನ್ನೊಬ್ಬರು ತಬ್ಬಿ ಬೀಳದ ಹಾಗೆ ನಿಂತಿದ್ದಾರೆ.

‘ನೀನು ಇಲ್ಲೇನು ಮಾಡ್ತಿದೀಯಾ?’ ಎಂದ. ಎಷ್ಟು ಬೇಗ ನೀನು ಆದಳು!

‘ನಿಮ್ಮನ್ನ ನಿಲ್ಲಿಸ್ತಿದೀನಿ. ಬೆನ್ನು ನೆಟ್ಟಗೆ ಮಾಡಿ.’

ಬೆನ್ನು ನೆಟ್ಟಗೆ ಮಾಡಿದ. ಬೈಗುಳ ಬರುತ್ತದೆಂದು ಕಾದ. ಬರಲಿಲ್ಲವಾದ್ದರಿಂದ ಅವನಿಗೆ ಧೈರ್ಯ ಬಂತೇನೋ, ಕನ್ನಡಿಯಲ್ಲಿ ಅವಳನ್ನು ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ: ‘ನಿನ್ನ ರೂಮಲ್ಲಿ ಒಬ್ಬಳಿದ್ಲಲ್ಲ, ಭರ್ಜಿಯವಳು. ಯಾರು ಏನೇ ಅನ್ನಲಿ, ಅವಳದನ್ನ ನಾನು ನಿಲ್ಲಿಸಿದ್ದೆ.’

‘ಏನು ನಿಲ್ಲಿಸಿದ್ರಿ?’

‘ಮಾತ್ರೆ. ಮಾರ್ಚಲ್ಲಿ. ಲಿವರ್ ರಿಪೋರ್ಟ್ ಕೆಟ್ಟದಾಗಿ ಬಂತು, ಬಂದ ದಿನವೇ ನಿಲ್ಲಿಸಿದೆ. ಕೆಂಪು ಇಂಕಲ್ಲಿ ಬರೆದಿದೀನಿ, ನೋಟ್‌ಬುಕ್ ಈಗಲೂ ನನ್ನ ಹತ್ರ ಇದೆ. ಅವಳ ಲಕೋಟೆಗೆ ಆಮೇಲೆ ಹಾಕ್ತಿದ್ದದ್ದು ನಿಜವಾದ ವಿಟಮಿನ್ನು, ಬಿಳೀದು.’

ಕಡ್ಡಿ ಅರ್ಧ ಮಾತ್ರೆ ಕೇಳಿದ್ದು ಏಪ್ರಿಲ್ಲಿನಲ್ಲಿ.

‘ಸುಳ್ಳು’ ಎಂದಳು.

‘ಸುಳ್ಳು ಹೇಳಿ ನನಗೀಗ ಏನಾಗಬೇಕು? ಎಲ್ಲ ನಿಲ್ಲಿಸಿದ ಮೇಲೆ ಗಂಟು ಕರಗಬೇಕು. ಪುಸ್ತಕ ಹಾಗನ್ನುತ್ತೆ. ಇವಳದು ಬೆಳೀತಾ ಹೋಯ್ತು. ಜೂನಲ್ಲಿ ನೋಡಿದೆ, ಆಗಸ್ಟಲ್ಲಿ ನೋಡಿದೆ, ಏರ್ತಾನೇ ಇದೆ. ನಾನು ಮೊದಲು ಕೊಟ್ಟದ್ದೇ ಅಷ್ಟು ಕೆಲಸ ಮಾಡಿಬಿಡ್ತಾ ಅಂತ, ಇಪ್ಪತ್ತನಾಲ್ಕು ವರ್ಷ...’ ಮತ್ತೆ ಅಳು. ಮಂಗಳವಾರದ ಅಳುವಿಗೂ ಇದಕ್ಕೂ ವ್ಯತ್ಯಾಸ ಹುಡುಕಿದಳು, ಸಿಗಲಿಲ್ಲ.

‘ಅವಳಿಗೆ ಹೇಳಿದ್ರಾ? ಯಾಕೆ ನಿಲ್ಲಿಸಿದ್ದು ಅಂತ?’

‘ಏನಂತ ಹೇಳಲಿ? ವಿಟಮಿನ್ ತಿಂದು ಲಿವರ್ ಹಾಳಾಯ್ತು ಅಂತಲಾ? ಕೋರ್ಸು ಮುಗೀತು, ಇನ್ನು ಬೇರೆ ಥರದ್ದು ಅಂದೆ.’

ಅವಳಿಗೆ ಆ ಏಪ್ರಿಲ್ ಕಣ್ಣಿಗೆ ಕಟ್ಟಿತು. ಹೊಸ ಲಕೋಟೆಯನ್ನು ಯಾರಿಗೂ ತೋರಿಸದೆ ದಿಂಬಿನ ಕೆಳಗೆ ತುರುಕುತ್ತಿದ್ದ ಕಡ್ಡಿ. ಇಲ್ಲಿ ನೀಲಿಯಿಂದ ಬಿಳಿಗೆ ಇಳಿದವರು ಮುಂದಿನ ಪಟ್ಟಿಯಲ್ಲಿ ಇರುವುದಿಲ್ಲವೆಂದು ಹುಡುಗಿಯರೆಲ್ಲ ನಂಬಿದ್ದರು. ತನ್ನನ್ನು ಕೈಬಿಟ್ಟಿದ್ದಾರೆಂದು ಹೇಳಿಕೊಳ್ಳಲಾರದೆ ‘ಸಾಲ್ತಿಲ್ಲ’ ಎಂದಳು, ಅಷ್ಟೆ. ಸಣ್ಣದೊಂದು ಸುಳ್ಳು, ಮಾನ ಮುಚ್ಚಿಕೊಳ್ಳುವುದಕ್ಕೆ. ಕೊಡ ತುಂಬಿರಲಿಲ್ಲ. ಬರಿದಾಗಿ ಒಣಗುತ್ತಿತ್ತು. ಏಪ್ರಿಲ್ಲಿನಿಂದ ಸೆಪ್ಟೆಂಬರ್‌ವರೆಗೆ, ಅರ್ಧ ಅರ್ಧವಾಗಿ, ತುಂಬಿಸಿದ್ದು ಬೇರೆ ಕೈ. ಕನ್ನಡಿಯಲ್ಲಿ ಅವಳಿಗೆ ತನ್ನ ಕೈ ಕಾಣಿಸಿತು, ಮುದುಕನ ಕಂಕುಳಡಿ, ಎಷ್ಟು ದೊಡ್ಡ ಕೈ. ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದಿದ್ದರೆ ಅವನು ಇನ್ನುಳಿದ ನಾಲ್ಕು ವರ್ಷವೋ ಐದು ವರ್ಷವೋ ಅದನ್ನು ಹೊತ್ತೇ ಸಾಯುತ್ತಿದ್ದ, ಅವನಿಗೆ ಅದು ತಕ್ಕುದೇ ಆಗಿತ್ತು. ಆದರೆ ಈ ಮುದುಕ ತನ್ನದಲ್ಲದ್ದೊಂದಕ್ಕೆ ಅಳುತ್ತಿದ್ದಾನೆ, ತನ್ನದೊಂದು ವಸ್ತುವನ್ನು ಇಷ್ಟು ವರ್ಷ ಕದ್ದು ಇಟ್ಟುಕೊಂಡಿದ್ದಾನೆ ಎಂಬಂಥ ವಿಚಿತ್ರ ಹೊಟ್ಟೆಕಿಚ್ಚಿನಲ್ಲಿ ಬಾಯಿ ಬಿಟ್ಟಳು.

‘ನಾನು ಕೊಡ್ತಿದ್ದೆ. ನನ್ನದರಲ್ಲಿ ಅರ್ಧ.’

ಅಳು ನಿಂತಿತು. ‘ಹೌದಾ?’ ಎಂದ. ‘ದಿನಾ?’

‘ದಿನಾ.’

‘ಎಷ್ಟು ತಿಂಗಳು?’

‘ಆರು.’

ತುಟಿ ಅಲುಗಿಸುತ್ತ ಲೆಕ್ಕ ಹಾಕಿದ. ಡಾಕ್ಟರ ಲೆಕ್ಕ, ಇಷ್ಟು ತೂಕಕ್ಕೆ ಇಷ್ಟು. ಲೆಕ್ಕ ತಾಳೆಯಾದದ್ದು ಅವನ ಮುಖದಲ್ಲಿ ಕಾಣಿಸಿತು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು. ಎಪ್ಪತ್ತೆಂಟರ ಮುಖ ಅರವತ್ತರದ್ದಾಯಿತು. ‘ಸಾಕು, ಅಷ್ಟು ಸಾಕು’ ಎಂದ, ‘ಹಾಗಾದ್ರೆ ನಾನಲ್ಲ.’ ಮತ್ತೆ, ಸವಿದು ನೋಡುವವನಂತೆ: ‘ನಾನಲ್ಲ.’ ಅವನ ಭಾರ ಅವಳ ಕೈಯಿಂದ ಕಡಿಮೆಯಾಯಿತು. ಏನಾಗುತ್ತಿದೆಯೆಂದು ಅವಳಿಗೆ ತಿಳಿಯುವಷ್ಟರಲ್ಲಿ ಕಂಬಿ ಬಿಟ್ಟು ಒಂದು ಹೆಜ್ಜೆ ಹಾಕಿದ್ದ. ಇನ್ನೊಂದು. ಕೆಟ್ಟ ಹೆಜ್ಜೆಗಳೇ, ಸೊಂಟ ಎಡಕ್ಕೆ ಕುಸಿಯುತ್ತಿತ್ತು, ಆದರೆ ಹೆಜ್ಜೆಗಳು. ಅವಳು ಕೈ ಚಾಚಿಕೊಂಡು ಹಿಂದೆಯೇ ನಡೆದಳು, ಬಿದ್ದರೆ ಹಿಡಿಯಬೇಕಲ್ಲ. ಏಳು ಹೆಜ್ಜೆ. ನಾಲ್ಕು ದಿನದ ವ್ಯಾಯಾಮ ಮಾಡದ್ದನ್ನು ಅವಳ ಒಂದು ಮಾತು ಮಾಡಿತ್ತು. ಅವನ ಮಗಳು ಬಾಗಿಲಲ್ಲಿ ಫಾರಂ ಹಿಡಿದು ನಿಂತವಳು ಚಪ್ಪಾಳೆ ತಟ್ಟಿಬಿಟ್ಟಳು. ‘ಅಪ್ಪಾ! ಅಯ್ಯೋ, ಏನು ಮಾಡಿದ್ರಿ ಮೇಡಂ ನೀವು?’

‘ಏನಿಲ್ಲ’ ಎಂದಳು.

ಗಾಲಿಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತ, ಕೆನ್ನೆ ಕೆಂಪಾಗಿ, ಅವನು ಕೈ ಚಾಚಿ ‘ಕೊಡಮ್ಮ ಇಲ್ಲಿ ಆ ಫಾರಂ’ ಎಂದು ಮಗಳಿಂದ ಇಸಿದುಕೊಂಡು, ಓದದೆ ಸಹಿ ಮಾಡಿದ. ‘ಕೊಡಲಿ. ಅಂಥಾದ್ದೇನೂ ಆಗಲ್ಲ. ಎಷ್ಟೋ ಜನಕ್ಕೆ ಕೊಟ್ಟಿದೀನಿ.’ ಐದು ನಿಮಿಷದ ಹಿಂದೆ ಮುಷ್ಟಿಯಾಗಿದ್ದ ಕೈ ಅದೇ. ಔಷಧಿಯೂ ಅದೇ. ಅದು ನಿರಪರಾಧಿಯಾಗಿಬಿಟ್ಟಿತ್ತು. ಇಷ್ಟು ಹಗುರವಾದ ಮನುಷ್ಯನನ್ನು ಇಷ್ಟು ವರ್ಷ ಇಷ್ಟು ಭಾರವಾಗಿ ದ್ವೇಷಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಫಾರಂ ಕೊಟ್ಟು ಬರಲು ಮಗಳು ಮತ್ತೆ ಮೇಲೆ ಹೋದಾಗ ಅವನು ಅವಳನ್ನು ಹತ್ತಿರ ಕರೆದ.

‘ಒಂದು ಉಪಕಾರ ಮಾಡ್ತೀಯಾ? ಈಗ ಹೇಳಿದ್ಯಲ್ಲ, ಅದನ್ನ ಒಂದು ಹಾಳೇಲಿ ಬರೆದುಕೊಡು. ಯಾರಿಗೂ ತೋರಿಸಲ್ಲ. ನನ್ನ ಹತ್ರ ಇರಲಿ.’

ಇವನು ಇದನ್ನು ನೋಟ್‌ಬುಕ್ಕಿನಲ್ಲಿ, ಆ ಕೆಂಪು ಅಕ್ಷರದ ಪಕ್ಕ, ಅಂಟಿಸಿಡುತ್ತಾನೆ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಆದರೂ ಹಾಳೆ ಎಳೆದುಕೊಂಡು ಬರೆದಳು. ಕೈಬರಹ ಮೊದಲಿನಿಂದಲೂ ಚೆನ್ನ. ‘ಕೇಂದ್ರದ ಡಾಕ್ಟರು ವಿಟಮಿನ್ ಎಂದು ಹೇಳಿ ನನಗೂ ನನ್ನ ಕೋಣೆಯ ಗೆಳತಿಗೂ ಆ ಮಾತ್ರೆ ಕೊಡುತ್ತಿದ್ದರು. ಅವಳ ಲಿವರ್ ಕೆಟ್ಟದ್ದು ತಿಳಿದು ಅವಳದನ್ನು ನಿಲ್ಲಿಸಿದರು, ಕಾರಣ ಅವಳಿಗೆ ಹೇಳಲಿಲ್ಲ. ಆಮೇಲೆ ಆರು ತಿಂಗಳು ನನ್ನದರಲ್ಲಿ ಅರ್ಧ ನಾನು ಕೊಟ್ಟೆ. ಆಗ ಅದು ವಿಟಮಿನ್ ಅಲ್ಲವೆಂದು ನನಗೆ ಗೊತ್ತಿತ್ತು.’ ಕೆಳಗೆ ಪೂರ್ತಿ ಹೆಸರು, ತಾರೀಖು. ಮುದುಕ ಕನ್ನಡಕ ಏರಿಸಿ ಓದಿದ. ಒಂದು ಸಲ, ಎರಡು ಸಲ. ಜೇಬಿನಿಂದ ಪೆನ್ನು ತೆಗೆದು ಮೊದಲ ಸಾಲುಗಳ ಮೇಲೆ ಹಿಡಿದ.

‘ಇದು ಬೇಡ. ಇಲ್ಲಿಂದ ಶುರು ಮಾಡು, ಆಮೇಲೆ ಆರು ತಿಂಗಳು ಅನ್ನೋ ಕಡೆಯಿಂದ.’

ಅವಳು ಹಾಳೆಯನ್ನು ಅವನ ಬೆರಳ ಸಂದಿಯಿಂದ ಎಳೆದುಕೊಂಡಳು. ಹಿಡಿತದಲ್ಲಿ ಬಲವಿರಲಿಲ್ಲ. ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು.

‘ಯಾಕೆ? ಏನು ಮಾಡ್ತೀಯಾ ಅದನ್ನ?’

‘ಅವಳಮ್ಮ ಇದಾರೆ’ ಎಂದಳು. ಇದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

‘ನೋಡು, ಮುದುಕರಾಗಿರ್ತಾರೆ ಪಾಪ, ಈಗ ಯಾಕೆ ಅವರಿಗೆ ಸಂಕಟ’ ಎಂದು ಶುರು ಮಾಡಿದ. ಅವನ ದನಿಯಲ್ಲಿ ಅಷ್ಟೂ ದಯೆ ತುಂಬಿತ್ತು. ಅವಳು ಗಡಿಯಾರ ನೋಡಿ, ‘ಇನ್ನೂ ಹತ್ತು ನಿಮಿಷ ಇದೆ, ಏಳಿ’ ಎಂದಳು. ಎದ್ದ. ಕಂಬಿ ಬಿಡಲಿಲ್ಲ, ಎರಡು ಹೆಜ್ಜೆಗೇ ಕಾಲು ನಡುಗಿ ಅವಳ ಮೇಲೆ ಒರಗಿದ, ಅವಳು ಹಿಡಿದುಕೊಂಡಳು. ಚಿಕಿತ್ಸೆಯ ಹಾಳೆಯಲ್ಲಿ ಆಸರೆಯಿಲ್ಲದೆ ಏಳು ಹೆಜ್ಜೆ ಎಂದು ಬರೆದಳು, ಎರಡನೇ ಸಲ ಆಗಲಿಲ್ಲ ಎಂದೂ ಬರೆದಳು. ಆಮೇಲೆ ಮಂಡಿ ಸವೆದವರು ಮೂವರು ಬಂದರು, ಮನೆಯಲ್ಲಿ ದಿನವೂ ವ್ಯಾಯಾಮ ಮಾಡುತ್ತೇವೆಂದು ಮೂವರೂ ಸುಳ್ಳು ಹೇಳಿದರು.

ಕಡ್ಡಿಯ ಮನೆ ಊರಿನ ಆ ತುದಿಯಲ್ಲಿ, ಒಂದೇ ಅಚ್ಚಿನ ನಾಲ್ಕಂತಸ್ತಿನ ವಸತಿಗೃಹಗಳಲ್ಲಿ ಒಂದು. ಒಮ್ಮೆ ರಜೆಯಲ್ಲಿ ಎರಡು ದಿನ ಅಲ್ಲಿ ಉಳಿದಿದ್ದಳು. ಗೇಟಿನ ಬಳಿ ಯಾರನ್ನೂ ಕೇಳಲಿಲ್ಲ, ಕೇಳಬೇಕಾದರೆ ಮಾತಾಡಬೇಕು. ಮೂರನೇ ಮಹಡಿ. ಮೆಟ್ಟಿಲು ಹತ್ತುತ್ತ, ಮನೆ ಬದಲಾಯಿಸಿರಲಿ, ಬೇರೆ ಯಾರೋ ಬಾಗಿಲು ತೆಗೆಯಲಿ ಎಂದು ಒಂದೊಂದು ಮೆಟ್ಟಿಲಿಗೂ ಬೇಡಿಕೊಂಡಳು. ಬೇಡಿಕೊಂಡದ್ದು ಗಮನಕ್ಕೆ ಬಂದು, ಆ ಮುದುಕನಿಗೂ ತನಗೂ ಮೆಟ್ಟಿಲು ಹತ್ತಲಾಗುವುದೊಂದೇ ವ್ಯತ್ಯಾಸ ಎಂದುಕೊಂಡಳು. ಬೆಲ್ ಒತ್ತಿದಾಗ ಐದೂವರೆ. ಬಾಗಿಲು ತೆರೆದವಳು ಕಡ್ಡಿಯ ಅಮ್ಮನೇ. ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಈಗ ಪೂರ್ತಿ ನರೆತು, ಅದೇ ಉದ್ದನೆಯ ಕಡ್ಡಿಯಂಥ ಮೈ. ಇವಳು ಹೆಸರು ಹೇಳಿದಳು. ಗುರುತು ಹತ್ತಲಿಲ್ಲ. ‘ಗುಂಡಕ್ಕ’ ಎಂದಳು.

‘ಓ’ ಎಂದಳು ಅಮ್ಮ. ಅಷ್ಟೆ.

ಹಾಳೆ ಕೊಟ್ಟಳು. ಅಮ್ಮ ಅಲ್ಲೇ ಹೊಸ್ತಿಲಲ್ಲಿ, ಬೆಳಕಿಗೆ ಹಿಡಿದು, ಗ್ರಂಥಾಲಯದವರು ಓದುವ ಹಾಗೆ ಒಂದು ಅಕ್ಷರವನ್ನೂ ಬಿಡದೆ ಓದಿದಳು. ಒಳಗೆ ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಓದಿ ಮುಗಿಸಿ, ಮಡಿಕೆ ಇದ್ದಂತೆಯೇ ಮತ್ತೆ ಮಡಿಸಿದಳು. ಡಾಕ್ಟರ ಬಗ್ಗೆ ಕೇಳುತ್ತಾಳೆ, ಕೇಳಿದರೆ ಹೇಳಬೇಕಾದ್ದನ್ನೆಲ್ಲ, ಪೌಡರು, ಅಳು, ಸಹಿ, ಎಲ್ಲವನ್ನೂ ಇವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಮ್ಮ ಡಾಕ್ಟರ ಸುದ್ದಿಗೇ ಹೋಗಲಿಲ್ಲ.

‘ಗೊತ್ತಿತ್ತು ಅಂತ ಬರೆದಿದೀಯ. ಗೊತ್ತಿದ್ದು ಯಾಕೆ ಕೊಟ್ಟೆ?’

‘ಕೇಳಿದ್ಲು, ಪಾಪ ಅನ್ನಿಸ್ತು’ ಎನ್ನಲು ಬಾಯಿ ತೆರೆದಳು. ಇಪ್ಪತ್ತನಾಲ್ಕು ವರ್ಷ ತನಗೆ ತಾನೇ ಹೇಳಿಕೊಂಡು ನುಣುಪಾಗಿದ್ದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅದರ ಬದಲು ಬಂದದ್ದು ಇನ್ನೊಂದು. ಆ ಮಾತು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ.

‘ನನ್ನ ಗಂಟಲು ಹೋಗಿತ್ತು’ ಎಂದಳು. ‘ಅವಳು ಬಚ್ಚಲಲ್ಲಿ ಹಾಡ್ತಿದ್ಲು. ದಿನಾ ಬೆಳಿಗ್ಗೆ. ಅವಳದೂ ಹೋಗಲಿ ಅನ್ನಿಸಿತ್ತು.’

ಅಮ್ಮ ಅವಳನ್ನು ನೋಡಿದಳು. ನಾಲ್ಕೈದು ಬಾಗಿಲುಗಳ ಆ ಉದ್ದ ಪಡಸಾಲೆಯಲ್ಲಿ ಇವಳ ದಪ್ಪ ದನಿ ಇನ್ನೂ ನಿಂತಿತ್ತು.

‘ಹೋಗಲಿಲ್ಲ’ ಎಂದಳು ಅಮ್ಮ. ‘ಕೊನೇ ದಿನಾನೂ ಬಟ್ಟೆ ಒಣಹಾಕ್ತಾ ಹಾಡ್ತಿದ್ಲು.’

ಅಮ್ಮ ಬಾಗಿಲು ಹಾಕಲಿಲ್ಲ. ಒಳಗೆ ಬಾ ಎನ್ನಲೂ ಇಲ್ಲ. ಒಂದು ಕೈಯಲ್ಲಿ ಬಾಗಿಲ ರೆಕ್ಕೆ, ಇನ್ನೊಂದರಲ್ಲಿ ಹಾಳೆ ಹಿಡಿದು ಹಾಗೇ ನಿಂತಳು. ಅವಳು ಏನು ತೀರ್ಮಾನಿಸುತ್ತಾಳೋ ಎಂದು ಕಾಯುತ್ತ, ಹೊಸ್ತಿಲಿನ ಈಚೆ, ಇವಳೂ ನಿಂತೇ ಇದ್ದಳು.